ಮನೆ ಫೋನ್ ಸ್ವಿಚ್ ಆಫ್: ಕೊಡಗಿನಾಚೆ ಓದುತ್ತಿರುವವರಿಗೆ

ಗುಡ್ಡ ಜರಿದ ಸುದ್ದಿ ಟಿವಿಯಲ್ಲಿ ಓಡುತ್ತಿದೆ, ಮೈಸೂರಿನ ಹಾಸ್ಟೆಲಿನಿಂದ ಅಮ್ಮನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹೆಚ್ಚಿನ ಸಲ ಅದು ಟವರಿನ ಕತೆ, ಅಮ್ಮನದಲ್ಲ.

ಮರ ಬಿದ್ದು ಕರೆಂಟ್ ಹೋದ ಮೇಲೆ ಟವರು ಕೆಲವು ಗಂಟೆ ಬ್ಯಾಟರಿಯಲ್ಲಿ, ಆಮೇಲೆ ಡೀಸೆಲ್ ಇದ್ದಷ್ಟು ಹೊತ್ತು ಜನರೇಟರಿನಲ್ಲಿ ನಡೆಯುತ್ತದೆ. ರಸ್ತೆ ಕುಸಿದರೆ ಡೀಸೆಲ್ ಬರುವುದಿಲ್ಲ. ಕೇಬಲ್ ಹೂತಿರುವುದೂ ಅದೇ ರಸ್ತೆಯಂಚಿನಲ್ಲಿ. ಅದು ತುಂಡಾದರೆ ಫೋನಿನಲ್ಲಿ ಕಡ್ಡಿ ಕಂಡರೂ ಕರೆ ಹೋಗದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ರಸ್ತೆ, ಕರೆಂಟು, ನೆಟ್‌ವರ್ಕ್ ಎಲ್ಲ ಒಟ್ಟಿಗೇ ಹೋಗಿದ್ದವು. ಅಂಥ ಹೊತ್ತಲ್ಲಿ ಒಂದೆರಡು ದಿನ ಮಾತಿಲ್ಲದಿದ್ದರೆ ಅದನ್ನೇ ಕೆಟ್ಟ ಸುದ್ದಿ ಅಂದುಕೊಳ್ಳಬೇಡಿ.

ಮೇಲಿಂದ ಮೇಲೆ ಕರೆ ಮಾಡುವ ಬದಲು ಒಂದು ಎಸ್‌ಎಂಎಸ್ ಕಳಿಸಿ, ಡೆಲಿವರಿ ರಿಪೋರ್ಟ್ ಆನ್ ಮಾಡಿಟ್ಟುಕೊಳ್ಳಿ. ಕರೆ ಸಿಗದಷ್ಟು ಸೋತ ಸಿಗ್ನಲ್ಲಿನಲ್ಲೂ ಎಸ್‌ಎಂಎಸ್ ನುಸುಳುತ್ತದೆ, ಫೋನ್ ಆಫ್ ಇದ್ದರೆ ಕಂಪನಿಯ ಸರ್ವರಿನಲ್ಲಿ ಕಾದಿರುತ್ತದೆ. ರಿಪೋರ್ಟ್ ಬಂತೆಂದರೆ ಆ ಫೋನು ಆ ಕ್ಷಣ ಎಲ್ಲೋ ಜೀವಂತವಾಗಿದೆ ಎಂದರ್ಥ. ವಾಟ್ಸಾಪಿನ ಎರಡನೇ ಟಿಕ್ಕೂ ಹಾಗೇ, ಆದರೆ ಅದಕ್ಕೆ ಡೇಟಾ ಬೇಕು.

ಮನೆಯವರಿಗೂ ಮಳೆ ಹಿಡಿಯುವ ಮೊದಲೇ ಒಂದು ಮಾತು ಹೇಳಿಟ್ಟಿರಿ. ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಫೋನು ಬೇಗ ಚಾರ್ಜ್ ಕಳೆದುಕೊಳ್ಳುತ್ತದೆ. ಹಾಗಾಗಿ ಆಫ್ ಮಾಡಿಟ್ಟು ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ಹತ್ತು ನಿಮಿಷ ಮಾತ್ರ ಆನ್ ಮಾಡಲಿ. ಹಳೇ ಕೀಪ್ಯಾಡ್ ಸೆಟ್ಟೊಂದು ಇದ್ದರೆ ಚಿನ್ನ.

ಇನ್ನು 1077, ಅಂದರೆ ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ. ಮೈಸೂರಿನಿಂದ ಬರೀ 1077 ಒತ್ತಿದರೆ ಎತ್ತುವುದು ಮೈಸೂರು ಜಿಲ್ಲೆಯವರು. ಕೊಡಗಿನವರು ಸಿಗಬೇಕಾದರೆ 1077ಕ್ಕಿಂತ ಮೊದಲು ಮಡಿಕೇರಿಯ ಕೋಡ್ 08272 ಒತ್ತಿ. ಅಲ್ಲಿ 'ನಮ್ಮ ಮನೆ ಏನಾಯ್ತು' ಎಂದರೆ ಪಾಪ ಅವರಿಗೇನು ಗೊತ್ತಾಗಬೇಕು? ಗ್ರಾಮ, ಹತ್ತಿರದ ಶಾಲೆ ಅಥವಾ ಬಸ್ ಸ್ಟಾಪು, ಮನೆಯಲ್ಲಿರುವವರ ಸಂಖ್ಯೆ, ನಡೆಯಲಾಗದವರು, ಇನ್ಸುಲಿನ್ ಬೇಕಾದವರು ಇದ್ದಾರೆಯೇ ಎನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡೇ ಫೋನ್ ಮಾಡಿ.

ಕಾಳಜಿ ಕೇಂದ್ರದ (ಸಂತ್ರಸ್ತರಿಗೆ ತಾತ್ಕಾಲಿಕ ಆಶ್ರಯ ಕೊಡುವ ಸರ್ಕಾರಿ ಶಿಬಿರದ) ಪಟ್ಟಿಯಲ್ಲಿ ಹೆಸರಿಲ್ಲ ಎಂದರೂ ಎದೆಗುಂದಬೇಡಿ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ; ಬರೆಯುವವರು ಒಮ್ಮೆ ಅದನ್ನು ಪೂರ್ತಿ ಬರೆಯುತ್ತಾರೆ, ಒಮ್ಮೆ ಇನಿಶಿಯಲ್ ಮಾಡಿಬಿಡುತ್ತಾರೆ. ಎರಡೂ ಬಗೆಯಲ್ಲಿ ಹುಡುಕಿಸಿ. ಲೈನ್‌ಮನೆಯವರಾದರೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿರುವವರಾದರೆ, ತೋಟದ ಹೆಸರಿನಿಂದ ಕೇಳಿ, ಬೇಗ ಸಿಗುತ್ತದೆ. ಎಷ್ಟೋ ಜನ ಕೇಂದ್ರಕ್ಕೆ ಹೋಗದೆ ನೆಂಟರ ಮನೆ ಸೇರಿರುತ್ತಾರೆ, ಅವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದ ಕುಶಾಲನಗರ, ವಿರಾಜಪೇಟೆಯ ಬಂಧುಗಳಿಗೂ ಒಂದು ಸುತ್ತು ಫೋನ್ ಹೋಗಲಿ. ನೀವು ಹತ್ತು ಜನ ಬೇರೆಬೇರೆಯಾಗಿ ಮಾಡಬೇಡಿ, ಕುಟುಂಬದಲ್ಲಿ ಒಬ್ಬರೇ ಕೇಳಿ ಉಳಿದವರಿಗೆ ಹೇಳಲಿ.

ಟಿವಿ ನೋಡುವುದಾದರೆ ಊರಿನ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳಿ. ಮಕ್ಕಂದೂರು ಬೇರೆ, ಮುಕ್ಕೋಡ್ಲು ಬೇರೆ. ಮಾದಾಪುರಗಳಂತೂ ರಾಜ್ಯದಲ್ಲಿ ಹಲವು. ಡ್ಯಾಂ ಒಡೆಯಿತಂತೆ ಎನ್ನುವ ಧ್ವನಿಸಂದೇಶವನ್ನು ಯಾರಿಗೂ ದಾಟಿಸಬೇಡಿ.

ಬಸ್ ಹತ್ತಿ ಹೊರಡುವ ಯೋಚನೆ ಬೇಡ. ಮಣ್ಣು ತೆಗೆದ ರಸ್ತೆ ಮುಂದಿನ ಮಳೆಗೆ ಮತ್ತೆ ಜರಿಯಬಹುದು, ನೀವು ಅರ್ಧದಾರಿಯಲ್ಲಿ ಸಿಕ್ಕಿಬಿದ್ದರೆ ಹುಡುಕಬೇಕಾದವರ ಪಟ್ಟಿಗೆ ಇನ್ನೊಂದು ಹೆಸರು.

ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ತಪ್ಪದೆ ಎತ್ತಿ. ಎಲ್ಲಿದ್ದೀರಿ, ಯಾರ್‍ಯಾರು ಜೊತೆಗಿದ್ದಾರೆ, ಮುಂದಿನ ಕರೆ ಎಷ್ಟು ಹೊತ್ತಿಗೆ, ಇಷ್ಟು ಕೇಳಿ ಇಟ್ಟುಬಿಡಿ. ಅದು ಯಾರದೋ ಫೋನು, ಹಿಂದೆ ಸಾಲು ನಿಂತಿರುತ್ತದೆ.