ಸಾವನ್ನ ಯಾವಾಗ ನಿಲ್ಲಿಸ್ತೀರಿ?

ನಿಲ್ಲಿಸುವುದಿಲ್ಲ. ಉತ್ತರ ಇಷ್ಟೇ. ಓದುವುದನ್ನು ಇಲ್ಲಿಗೇ ಬಿಟ್ಟರೂ ನನಗೆ ಬೇಜಾರಿಲ್ಲ.

ಜೀವಕೋಶಗಳು ಹೇಗೆ ಸಾಯುತ್ತವೆ, ಆ ಸಾವಿಗೆ ನಮ್ಮ ರೋಗನಿರೋಧಕ ವ್ಯವಸ್ಥೆ ಏನು ಮಾಡುತ್ತದೆ ಎನ್ನುವುದು ನನ್ನ ಸಂಶೋಧನೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರ ಮುಖದಲ್ಲಿ ಸಣ್ಣ ಕನಿಕರ ಕಾಣುತ್ತದೆ. ಹಿಂದೆಯೇ ಪ್ರಶ್ನೆ ಬರುತ್ತದೆ: "ಹಾಗಾದ್ರೆ ಸಾವನ್ನ ಯಾವಾಗ ನಿಲ್ಲಿಸ್ತೀರಿ?" ಕೆಲವರು ತಮಾಷೆಗೆ ಕೇಳುತ್ತಾರೆ. ಕೆಲವರಿಗೆ ನಿಜವಾಗಿಯೂ ತಾರೀಕು ಬೇಕು. "ಬೇಗ ಕಂಡುಹಿಡೀರಿ, ನಮಗೂ ವಯಸ್ಸಾಯ್ತು" ಎಂದು ಭುಜ ತಟ್ಟಿ ಹೋದವರೂ ಇದ್ದಾರೆ, ನಾನೇ ತಡ ಮಾಡುತ್ತಿದ್ದೇನೆ ಎನ್ನುವ ಹಾಗೆ.

ಹೋದ ವರ್ಷ ಇದನ್ನು ಕೇಳಿದ್ದು ಒಬ್ಬ ಹಲ್ಲಿನ ಡಾಕ್ಟರು. ಬಾಯಲ್ಲಿ ಎರಡು ಸಲಕರಣೆ, ಮೂರು ಹತ್ತಿಯುಂಡೆ ತುರುಕಿದ ಮೇಲೆಯೇ ಇವರಿಗೆ ಹರಟೆ ಯಾಕೆ ಬೇಕಾಗುತ್ತದೋ ಗೊತ್ತಿಲ್ಲ. ನನ್ನ ಹಲ್ಲಿನ ಬುಡದಲ್ಲಿ ಕೀವು ತುಂಬಿ ಅರ್ಧ ಮುಖ ಊದಿತ್ತು. ವಸಡು ಕೊಯ್ದು ಕೀವು ಒತ್ತಿ ತೆಗೆಯುತ್ತಾ ಅದೇ ಪ್ರಶ್ನೆ ಕೇಳಿದರು. ನಾನು "ಆಂ... ಆಂ" ಎಂದೆ. ಅವರು "ಒಳ್ಳೇದು, ಒಳ್ಳೇದು" ಅಂದರು. ಯಾವ ತಾರೀಕು ಕೇಳಿಸಿತೋ!

ಉತ್ತರ ಅವರ ಕೈಯಲ್ಲಿದ್ದ ಹತ್ತಿಯಲ್ಲೇ ಇತ್ತು. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳು. ಬ್ಯಾಕ್ಟೀರಿಯಾ ನುಗ್ಗಿದ ಕಡೆ ಮೊದಲು ಓಡಿ ಬರುವ ಬಿಳಿ ರಕ್ತಕಣಗಳು ಇವು. ನಮ್ಮ ಮೂಳೆ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಮಾಡಿ ಕಳಿಸುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಒಂದೊಂದರ ಹೊಟ್ಟೆಯಲ್ಲೂ ವಿಷದ ಚೀಲಗಳಿರುತ್ತವೆ. ಆ ವಿಷಕ್ಕೆ ನಮ್ಮವರು, ಪರರು ಎಂಬ ಭೇದವಿಲ್ಲ. ಕೆಲಸ ಮುಗಿದ ಮೇಲೂ ಇವು ಅಲ್ಲೇ ಕೂತರೆ ನನ್ನ ವಸಡನ್ನೇ ತಿಂದು ಹಾಕುತ್ತವೆ. ಅದಕ್ಕೇ ಅವುಗಳ ಬಾಳು ಗಿಡ್ಡ.

ಸಾವು ನಿಂತರೆ ಏನಾಗುತ್ತದೆ ಎಂದು ಊಹೆ ಮಾಡಬೇಕಾಗಿಯೂ ಇಲ್ಲ. ಕೆಲವು ಮಕ್ಕಳು ಫಾಸ್ ಎಂಬ ಜೀನ್ ಕೆಟ್ಟು ಹುಟ್ಟುತ್ತಾರೆ. ಕೆಲಸ ಮುಗಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಗೆ "ಇನ್ನು ಹೊರಡು" ಎನ್ನುವ ದಾರಿಗಳಲ್ಲಿ ಅದೂ ಒಂದು. ಅದು ಕೆಟ್ಟರೆ ಅವು ಹೊರಡುವುದಿಲ್ಲ. ಗುಲ್ಮ ಊದುತ್ತದೆ, ಕುತ್ತಿಗೆಯ ಗ್ರಂಥಿಗಳು ಊದುತ್ತವೆ, ಉಳಿದುಕೊಂಡ ಸೈನ್ಯ ಎಷ್ಟೋ ಸಲ ಮಗುವಿನ ರಕ್ತಕಣಗಳ ಮೇಲೆಯೇ ತಿರುಗಿಬೀಳುತ್ತದೆ. ಸಾವು ನಿಂತ ಮೈ ಹೀಗಿರುತ್ತದೆ. ಇದು ಬೇಕಾ?

ಇನ್ನೊಂದು, ಕ್ಯಾನ್ಸರ್. ಕೋಶಗಳು ಲಂಗುಲಗಾಮಿಲ್ಲದೆ ಹುಟ್ಟುವುದೇ ಕ್ಯಾನ್ಸರ್ ಎಂದು ಬಹಳ ಕಾಲ ನಂಬಿದ್ದರು. 1988ರಲ್ಲಿ ಮೆಲ್ಬರ್ನ್‌ನಲ್ಲಿ ಡೇವಿಡ್ ವಾಕ್ಸ್, ಸುಜಾನ್ ಕೋರಿ, ಜೆರ್ರಿ ಆಡಮ್ಸ್ ಮೂವರೂ ಬಿಸಿಎಲ್-2 ಎಂಬ ಜೀನ್ ಹಿಂದೆ ಬಿದ್ದಿದ್ದರು. ಲಿಂಫೋಮಾ, ಅಂದರೆ ಲಿಂಫೋಸೈಟ್‌ಗಳ ಕ್ಯಾನ್ಸರ್ ಇದ್ದ ರೋಗಿಗಳಲ್ಲಿ ಸಿಕ್ಕಿದ್ದ ಜೀನ್ ಅದು. ಅದು ಕೋಶಗಳನ್ನು ಹೆಚ್ಚು ಹುಟ್ಟಿಸುತ್ತಿರಲಿಲ್ಲ, ಸಾಯಲು ಬಿಡುತ್ತಿರಲಿಲ್ಲ. ಆ ತಡೆಯನ್ನು ಕಿತ್ತುಹಾಕುವ ವೆನೆಟೊಕ್ಲಾಕ್ಸ್ ಎಂಬ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂದರೆ ನಮ್ಮ ಕ್ಷೇತ್ರ ಹೆಮ್ಮೆಯಿಂದ ತೋರಿಸುವ ಔಷಧಿ ಸಾವನ್ನು ನಿಲ್ಲಿಸುವುದಲ್ಲ, ನಿಂತುಹೋದ ಸಾವನ್ನು ಮತ್ತೆ ಶುರು ಮಾಡುವುದು. ಹಲ್ಲಿನ ಡಾಕ್ಟರಿಗೆ "ಆಂ ಆಂ" ಎಂದದ್ದು ಇದನ್ನೇ.

(ನ್ಯಾಯವಾಗಿ ಹೇಳಬೇಕೆಂದರೆ, ಸಾವನ್ನು ತಡೆಯಲೇಬೇಕಾದ ಜಾಗಗಳೂ ಇವೆ. ಹೃದಯಾಘಾತದಲ್ಲಿ ಹೃದಯದ ಸ್ನಾಯು, ಪಾರ್ಶ್ವವಾಯುವಿನಲ್ಲಿ ಮೆದುಳಿನ ಕೋಶ. ಅದರ ಮೇಲೆ ಕೆಲಸ ಮಾಡುವವರು ಬೇರೆ ಇದ್ದಾರೆ. ತಾರೀಕು ಅವರನ್ನು ಕೇಳಿ.)

"ಕೋಶಗಳ ಆತ್ಮಹತ್ಯೆ" ಎಂಬ ಮಾತಿನ ಮೇಲೂ ನನಗೆ ಸಿಟ್ಟಿದೆ. ಕೋಶಕ್ಕೆ ದುಃಖವೂ ಇಲ್ಲ, ಚೀಟಿ ಬರೆದಿಡುವ ಅಭ್ಯಾಸವೂ ಇಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ಹುಳು ಬೆಳೆಯುವಾಗ ಲಿಂಗಕೋಶಗಳನ್ನು ಬಿಟ್ಟು 1090 ಕೋಶಗಳು ಹುಟ್ಟುತ್ತವೆ. ಅದರಲ್ಲಿ 131 ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಅವೇ 131. ಇದಕ್ಕೆ ಆತ್ಮಹತ್ಯೆ ಅನ್ನುತ್ತಾರಾ? 1972ರಲ್ಲಿ ಕೆರ್, ವೈಲಿ, ಕರ್ರಿ ಎಂಬ ಮೂವರು ಇಂಥ ಸಾವಿಗೆ ಹೆಸರು ಹುಡುಕುತ್ತಿದ್ದಾಗ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಗ್ರೀಕ್ ಭಾಷೆ ಕಲಿಸುತ್ತಿದ್ದ ಒಬ್ಬ ಪ್ರಾಧ್ಯಾಪಕರು "ಅಪೊಪ್ಟೋಸಿಸ್" ಎಂಬ ಪದ ಕೊಟ್ಟರು. ಮರದಿಂದ ಎಲೆ ಉದುರುವುದು ಎಂದು ಅರ್ಥ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತಂತೆ ಎನ್ನುವ ನಮಗೆ ಈ ಪದ ಅರ್ಥವಾಗುವುದು ಕಷ್ಟವೇ?

ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಹೆಣಗಳು ಎಲ್ಲಿ ಹೋಗುತ್ತವೆ?

ಒಂದು ಅಂದಾಜಿನ ಪ್ರಕಾರ ನಮ್ಮ ಮೈಯಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಹಳೆಯ ಕೋಶಗಳು ಹೋಗಿ ಹೊಸವು ಬರುತ್ತವೆ. ಇವತ್ತು ಬೆಳಿಗ್ಗೆಯಿಂದ ನಿಮ್ಮೊಳಗೆ ಎಷ್ಟು ಸತ್ತವೋ! ಜ್ವರ ಬಂತಾ? ಎಲ್ಲಾದರೂ ಊತ? ಇಲ್ಲ, ಅಲ್ವಾ? ಎದೆಯ ಮೂಳೆಯ ಹಿಂದಿರುವ ಥೈಮಸ್‌ನಲ್ಲಿ ಹುಟ್ಟುವ ಟಿ ಕೋಶಗಳೆಂಬ ಲಿಂಫೋಸೈಟ್‌ಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಅಲ್ಲೇ ಸಾಯುತ್ತವೆ. ಆದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಣಗಳು ಕಾಣುವುದೇ ಅಪರೂಪ. ಸಾಯಲು ಹೊರಟ ಕೋಶ ತನ್ನ ಪೊರೆಯ ಒಳಮೈಯಲ್ಲಿರುವ ಫಾಸ್ಫಟೈಡಿಲ್‌ಸೆರೀನ್ ಎಂಬ ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ. "ನನ್ನನ್ನು ತಿನ್ನಿ" ಎಂಬ ಬೋರ್ಡು ಅದು. ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳು ಬಂದು, ಚೀಲ ಒಡೆಯುವ ಮೊದಲೇ ನುಂಗುತ್ತವೆ. ಸುಮ್ನೆ ನುಂಗುವುದೂ ಅಲ್ಲ. ನುಂಗಿದ ಮೇಲೆ ಸುತ್ತಲಿನವರಿಗೆ ಸಮಾಧಾನದ ಸಂಕೇತ ಕಳಿಸುತ್ತವೆ.

ಅದೇ ಬ್ಯಾಕ್ಟೀರಿಯಾ ಒಳಹೊಕ್ಕ ಕೋಶ ಬೇರೆ ಥರ ಸಾಯಬಲ್ಲದು. ಗ್ಯಾಸ್ಡರ್ಮಿನ್ ಎಂಬ ಪ್ರೋಟೀನು ಪೊರೆಯಲ್ಲಿ ತೂತು ಕೊರೆಯುತ್ತದೆ. ಕೋಶ ಉಬ್ಬಿ ಒಡೆಯುತ್ತದೆ, ಒಳಗಿದ್ದದ್ದೆಲ್ಲ ಹೊರಗೆ. ಆಗ ಜ್ವರ, ಊತ, ಕೂಗಾಟ. ಎರಡೂ ಸಾವೇ. ಒಂದಕ್ಕೆ ಯಾರೂ ತಲೆ ಎತ್ತುವುದಿಲ್ಲ, ಇನ್ನೊಂದಕ್ಕೆ ಊರೇ ಎದ್ದು ಕೂರುತ್ತದೆ. ಕೋಶ ಸತ್ತಿತು ಎನ್ನುವುದಕ್ಕಿಂತ ಹೇಗೆ ಸತ್ತಿತು ಎನ್ನುವುದೇ ರೋಗನಿರೋಧಕ ವ್ಯವಸ್ಥೆಗೆ ಸುದ್ದಿ. ನನ್ನ ಸಂಬಳ ಬರುವುದು ಈ ವ್ಯತ್ಯಾಸದಿಂದ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹೊಸದಾಗಿ ಸೇರಿದ್ದಾಗ ಕೋಶಗಳನ್ನು ಅಚ್ಚುಕಟ್ಟಾಗಿ ಸಾಯಿಸುವ ಪ್ರಯೋಗ ಹೂಡಿದ್ದೆ. ಜೊತೆಗೆ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಶಕ್ತಿ ತಯಾರಿಕೆ ನಿಲ್ಲಿಸುವ ಮದ್ದನ್ನೂ ಹಾಕಿದ್ದೆ. ಗ್ಲೂಕೋಸ್ ಇದ್ದರೆ ಅದರಿಂದಲೇ ಕೋಶ ಒಂದಿಷ್ಟು ಶಕ್ತಿ ಮಾಡಿಕೊಳ್ಳುತ್ತದೆ. ಆದರೆ ಗ್ಲೂಕೋಸ್ ಇಲ್ಲದ ದ್ರಾವಣದ ಬಾಟಲಿ ಕೈಗೆ ಬಂದಿತ್ತು, ಲೇಬಲ್ ನೋಡಿರಲಿಲ್ಲ. ಬೆಳಿಗ್ಗೆ ನೋಡಿದರೆ ಎಲೆ ಉದುರಿದ ಹಾಗೆ ಇರಲಿಲ್ಲ, ಬಲೂನು ಒಡೆದ ಹಾಗಿತ್ತು. ಸೀನಿಯರ್ ಒಬ್ಬರು ಬಾಟಲಿ ತಿರುಗಿಸಿ ನೋಡಿ ನಕ್ಕರು: "ನೆಟ್ಟಗೆ ಸಾಯೋದಕ್ಕೂ ಶಕ್ತಿ ಬೇಕಲ್ಲಪ್ಪಾ. ಅದನ್ನೂ ಕಿತ್ತುಕೊಂಡ್ರೆ ಅವೇನು ಮಾಡ್ತಾವೆ?" ಒಂದು ವಾರದ ಕೆಲಸ ಸಿಂಕಿಗೆ ಹೋಯಿತು.

ಹತ್ತು ದಿನ ಬಿಟ್ಟು ಹಲ್ಲಿನ ಡಾಕ್ಟರ ಹತ್ತಿರ ಮತ್ತೆ ಹೋದೆ. "ಊತ ಪೂರ್ತಿ ಇಳಿದಿದೆ. ಆಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡಿದೆ" ಅಂದರು. ಈ ಸಲ ಬಾಯಿ ಖಾಲಿ ಇತ್ತು. "ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಂದಿದ್ದು ನಿಜ ಡಾಕ್ಟ್ರೇ. ಆದ್ರೆ ನೀವು ತೆಗೆದ ಮೇಲೂ ಒಳಗೆ ಉಳಿದಿದ್ದ ನ್ಯೂಟ್ರೋಫಿಲ್‌ಗಳು ಸತ್ತು, ಅವನ್ನ ಮ್ಯಾಕ್ರೋಫೇಜ್‌ಗಳು ತಿಂದು..." ಎಂದು ಶುರು ಮಾಡಿದೆ.

ಅವರು ಕನ್ನಡಿ ಎತ್ತಿಕೊಂಡು "ಬಾಯಿ ದೊಡ್ಡದಾಗಿ ತೆಗೀರಿ" ಅಂದರು.

ತೆಗೆದೆ.