36ನೇ ನಂಬರ್ ಹಲ್ಲು ಮತ್ತು ಕಮ್ಮಿ ದುಡ್ಡು

ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಹಲ್ಲು ಮಿಡಿಯಲು ಶುರುವಾಯಿತೆಂದರೆ, ಅಗ್ಗದ ದಾರಿಗಳಲ್ಲಿ ಒಂದು ಆಗಲೇ ಮುಚ್ಚಿದೆ. ತಣ್ಣೀರು ಕುಡಿದಾಗ ಚುಳ್ಳೆಂದು ಎರಡು ಮೂರು ಸೆಕೆಂಡಿನಲ್ಲಿ ನಿಲ್ಲುವ ನೋವಿಗೆ ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ಹಲ್ಲಿನ ಒಳಗಿನ ನರ ಕೆರಳಿದೆ, ಕೆಟ್ಟಿಲ್ಲ. ಅದೇ ನೋವು ನೀರು ನುಂಗಿದ ಮೇಲೂ ನಿಮಿಷಗಟ್ಟಲೆ ನಿಂತರೆ, ಬಿಸಿ ಕಾಫಿಗೆ ಜೋರಾದರೆ, ಏನೂ ತಿನ್ನದೆ ಸುಮ್ಮನೆ ಕೂತಾಗಲೂ ಬಂದರೆ, ಆಮೇಲೆ ಉಳಿಯುವುದು ಎರಡೇ: ರೂಟ್ ಕೆನಾಲ್, ಇಲ್ಲವೇ ಕೀಳಿಸುವುದು. ಎಷ್ಟೋ ಜನ ಮೋಸ ಹೋಗುವುದು ಇದರ ಮುಂದಿನ ಹಂತದಲ್ಲಿ. ಒಂದು ದಿನ ನೋವು ತಾನಾಗಿಯೇ ನಿಂತುಬಿಡುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ನರ ಸತ್ತಿರುತ್ತದೆ ಅಷ್ಟೇ, ಕೀವು ಬೇರಿನ ತುದಿಯಲ್ಲಿ ನಿಧಾನವಾಗಿ ಕಟ್ಟುತ್ತಿರುತ್ತದೆ.

ಈ ನಡುವೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್ ನುಂಗುವುದು ದುಡ್ಡು ದಂಡ. ಕೆರಳಿದ ನರದ ನೋವಿಗೆ ಅದು ಮದ್ದೇ ಅಲ್ಲ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳುವ ಅಭ್ಯಾಸ ಇನ್ನೂ ಇದೆ. ಅದು ಒಸಡನ್ನು ಬೆಳ್ಳಗೆ ಸುಡುತ್ತದೆ, ಹಲ್ಲನ್ನು ಮುಟ್ಟುವುದೂ ಇಲ್ಲ. ದವಡೆಯ ಕೆಳಗೆ ಗಟ್ಟಿ ಊತ, ಜ್ವರ, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲು ಕಷ್ಟ, ಇವು ಕಂಡರೆ ಅಗ್ಗ-ದುಬಾರಿ ಲೆಕ್ಕ ಬಿಟ್ಟು ಆ ರಾತ್ರಿಯೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಊತ ಕತ್ತಿಗೆ ಇಳಿದರೆ ಉಸಿರು ಕಟ್ಟಬಹುದು.

ಇನ್ನು ಎಲ್ಲಿಗೆ ಹೋಗುವುದು? ಬರೀ ಕೀಳಿಸುವುದು, ಕ್ಲೀನಿಂಗ್, ಚಿಕ್ಕ ಫಿಲ್ಲಿಂಗ್ ಆದರೆ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ದಂತ ವಿಭಾಗ ಸಾಕು. ಅದಕ್ಕಿಂತ ದೊಡ್ಡ ಕೆಲಸಕ್ಕೆ ಕರ್ನಾಟಕದಲ್ಲಿ ಇರುವ ಅನುಕೂಲ ಬೇರೆ ಬಹಳ ರಾಜ್ಯಗಳಲ್ಲಿಲ್ಲ: ಡೆಂಟಲ್ ಕಾಲೇಜುಗಳು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜು ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದರೆ ನಡೆಯುವ ದೂರ. ಬಳ್ಳಾರಿಯಲ್ಲಿ ಇನ್ನೊಂದು ಸರ್ಕಾರಿ ದಂತ ಕಾಲೇಜಿದೆ. ಖಾಸಗಿ ಕಾಲೇಜುಗಳಂತೂ ದಾವಣಗೆರೆ, ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಬೀದರ್, ತುಮಕೂರು, ಹಾಸನ, ಶಿವಮೊಗ್ಗ, ಮೈಸೂರು, ಮಂಗಳೂರು, ಮಣಿಪಾಲ, ಸುಳ್ಯ, ವಿರಾಜಪೇಟೆಯವರೆಗೂ ಇವೆ. ನಿಮ್ಮೂರಿನಿಂದ ಒಂದು ಬಸ್ಸಿನ ದಾರಿಯಲ್ಲಿ ಯಾವುದೋ ಒಂದು ಇದ್ದೇ ಇರುತ್ತದೆ.

ಅಲ್ಲಿ ಯಾಕೆ ಅಗ್ಗ? ದಾನ-ಧರ್ಮಕ್ಕಲ್ಲ. ದಂತವೈದ್ಯ ಪದವಿ (ಬಿಡಿಎಸ್) ಓದುವ ಹುಡುಗ ಹುಡುಗಿಯರಿಗೆ ಪರೀಕ್ಷೆಗೆ ಕೂರಲು ಇಂತಿಷ್ಟು ಫಿಲ್ಲಿಂಗ್, ಇಂತಿಷ್ಟು ಕೀಳುವಿಕೆ, ಇಂತಿಷ್ಟು ಸೆಟ್ ಹಲ್ಲು ಮಾಡಿ ಮುಗಿಸಿರಬೇಕು. ಇದಕ್ಕೆ ಅವರು ಕೋಟಾ ಅನ್ನುತ್ತಾರೆ. ನಿಮಗೆ ಅವರು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ಅವರಿಗೆ ನೀವು ಬೇಕು. ಪರೀಕ್ಷೆ ಹತ್ತಿರವಾದಂತೆ ಫೋನ್ ಮಾಡಿ 'ನಾಳೆ ಬರ್ತೀರಾ ಅಂಕಲ್' ಅಂತ ಕೇಳುವುದೂ ಉಂಟು. ಸುತ್ತಲಿನ ಹಳ್ಳಿಗಳಿಗೆ ಕಾಲೇಜಿನ ಬಸ್ಸು ಬಂದು ಪೇಷೆಂಟ್‌ಗಳನ್ನು ಕರೆದುಕೊಂಡು ಹೋಗುವ ಗುಟ್ಟೂ ಇದೇ.

ಬೆಲೆಯ ಬದಲು ನೀವು ಕೊಡುವುದು ಸಮಯ. ಖಾಸಗಿ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಯ ಫಿಲ್ಲಿಂಗ್ ಇಲ್ಲಿ ಎರಡು ಗಂಟೆ ಹಿಡಿಯಬಹುದು. ಹುಳುಕು ತೆಗೆದ ಮೇಲೆ ಮೇಷ್ಟ್ರು ಬಂದು ನೋಡಬೇಕು, ತೂತಿನ ತಳಕ್ಕೆ ಪದರ (ಲೈನಿಂಗ್) ಹಾಕಿದ ಮೇಲೆ ಇನ್ನೊಮ್ಮೆ, ಮುಗಿದ ಮೇಲೆ ಮತ್ತೊಮ್ಮೆ. ಪ್ರತಿ ಹಂತಕ್ಕೂ ಸಹಿ ಬೀಳಬೇಕು. ಬೇಸರ ತರಿಸುವ ಈ ಕಾಯುವಿಕೆಯೇ ನಿಮ್ಮ ಭದ್ರತೆ. ಒಂಟಿ ಕ್ಲಿನಿಕ್ಕಿನಲ್ಲಿ ಆ ಎರಡನೇ ಕಣ್ಣು ಇರುವುದಿಲ್ಲ.

ಹೋಗುವ ದಿನ ತಿಂಡಿ ತಿಂದು ಹೋಗಿ, ಖಾಲಿ ಹೊಟ್ಟೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡರೆ ತಲೆ ತಿರುಗುವ ಸಂಭವ ಹೆಚ್ಚು. ಬಿಪಿ, ಶುಗರ್ ಮಾತ್ರೆಗಳನ್ನು ಎಂದಿನಂತೆ ನುಂಗಿ, ಚೀಟಿಯನ್ನು ಜೊತೆಗಿಟ್ಟುಕೊಳ್ಳಿ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವೇ ನಿಲ್ಲಿಸಬೇಡಿ, ಹೇಳಿ, ಅವರು ನಿರ್ಧರಿಸಲಿ. ಬೆಳಗ್ಗೆ ಒಪಿಡಿ ತೆರೆಯುವ ಹೊತ್ತಿಗೇ ಇರಿ. ಮೊದಲು ಓರಲ್ ಮೆಡಿಸಿನ್ ವಿಭಾಗದಲ್ಲಿ ಇಡೀ ಬಾಯಿ ನೋಡಿ, ಎಕ್ಸ್‌ರೇ ತೆಗೆಸಿ, ಯಾವ ಹಲ್ಲಿಗೆ ಏನು ಎಂದು ಬರೆದು ಬೇರೆ ಬೇರೆ ವಿಭಾಗಕ್ಕೆ ಕಳಿಸುತ್ತಾರೆ. ಎಷ್ಟೋ ಸಲ ಮೊದಲ ದಿನ ಇಷ್ಟಕ್ಕೇ ಮುಗಿದುಹೋಗುತ್ತದೆ.

ಆ ಚೀಟಿಯಲ್ಲಿ 36, 47 ಅಂತ ನಂಬರ್ ಇರುತ್ತದೆ. ಇದನ್ನು ಓದಲು ಕಲಿತರೆ ಯಾರೂ ನಿಮಗೆ ಟೋಪಿ ಹಾಕಲಾರರು. ಮೊದಲ ಅಂಕಿ ಬಾಯಿಯ ಮೂಲೆ: ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎಡ-ಬಲ ನಿಮ್ಮದು, ಎದುರಿಗೆ ಕೂತವರದಲ್ಲ. ಎರಡನೇ ಅಂಕಿಗೆ ಮಧ್ಯದ ಮುಂಬಲ್ಲಿನಿಂದ ಹಿಂದಕ್ಕೆ ಎಣಿಸಿ: 1, 2 ಮುಂಬಲ್ಲು, 3 ಕೋರೆಹಲ್ಲು, 4, 5 ಸಣ್ಣ ದವಡೆ ಹಲ್ಲು, 6, 7 ದೊಡ್ಡವು, 8 ಬುದ್ಧಿಹಲ್ಲು. ಅಲ್ಲಿಗೆ 36 ಅಂದರೆ ಕೆಳಗಿನ ಎಡಭಾಗದ ಮೊದಲ ದೊಡ್ಡ ದವಡೆ ಹಲ್ಲು. ಕನ್ನಡಿ ಮುಂದೆ ಟಾರ್ಚ್ ಹಿಡಿದು ಎಣಿಸಿ ನೋಡಿ. ಇನ್ನೊಂದು ಕ್ಲಿನಿಕ್ಕಿನಲ್ಲಿ ಅದೇ ಬಾಯಿಗೆ ಬೇರೆಯೇ ನಂಬರುಗಳು ಬಂದರೆ, ಯಾಕೆ ಎಂದು ಕೇಳಲು ನಿಮ್ಮ ಕೈಯಲ್ಲಿ ಈಗ ಪ್ರಶ್ನೆ ಇದೆ.

ಎಲ್ಲವನ್ನೂ ಒಟ್ಟಿಗೆ ಮಾಡಿಸಲು ದುಡ್ಡಿಲ್ಲದಿದ್ದರೆ ಸರದಿ ಹೀಗಿರಲಿ: ಮೊದಲು ಕೀವು, ನೋವು. ಆಮೇಲೆ ಇನ್ನೂ ನೋಯದ ಆಳದ ಹುಳುಕು, ಯಾಕೆಂದರೆ ಇವತ್ತಿನ ಫಿಲ್ಲಿಂಗ್ ಮುಂದೂಡಿದರೆ ನಾಳೆ ರೂಟ್ ಕೆನಾಲ್ ಆಗುತ್ತದೆ. ಜೊತೆಗೇ ಕ್ಲೀನಿಂಗ್. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅನ್ನುವವರು ಇದ್ದೇ ಇದ್ದಾರೆ; ಸಡಿಲವಾಗಿದ್ದ ಹಲ್ಲನ್ನು ಪಾಚಿ ಹಿಡಿದು ನಿಲ್ಲಿಸಿತ್ತು, ಪಾಚಿ ಹೋದ ಮೇಲೆ ನಿಜ ಗೊತ್ತಾಯಿತು, ಅಷ್ಟೇ. ಹೋದ ಹಲ್ಲಿನ ಜಾಗ ತುಂಬುವುದು ಆಮೇಲೆ. ಚೆಂದಕ್ಕೆ ಮಾಡಿಸುವುದು ಕೊನೆಗೆ.

ದುಡ್ಡು ಅತಿ ಹೆಚ್ಚು ಪೋಲಾಗುವುದು ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್‌ನಲ್ಲಿ. ಮೊದಲ ದಿನ ಮರಗಟ್ಟಿಸಿ, ಹಲ್ಲಿನ ತಲೆಯಲ್ಲಿ ತೂತು ಕೊರೆದು ಕೆಟ್ಟ ನರ ತೆಗೆಯುತ್ತಾರೆ. ನೋವು ಅಲ್ಲಿಗೇ ನಿಲ್ಲುತ್ತದೆ, ಜನ ಅಲ್ಲಿಗೇ ಮಾಯವಾಗುತ್ತಾರೆ. ನಿಜವಾದ ಕೆಲಸ ಬಾಕಿ: ಸಣ್ಣ ಫೈಲುಗಳಿಂದ ಬೇರಿನ ಕಾಲುವೆಗಳನ್ನು ಉಜ್ಜಿ ಅಗಲಿಸಬೇಕು, ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯಬೇಕು, ಎಕ್ಸ್‌ರೇಯಲ್ಲಿ ಉದ್ದ ಅಳೆಯಬೇಕು, ಒಣಗಿದ ಮೇಲೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಕಡ್ಡಿಯಿಂದ ತುದಿಯವರೆಗೆ ಮುಚ್ಚಬೇಕು. ಮುಂಬಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ, ದವಡೆ ಹಲ್ಲಿಗೆ ಮೂರು ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯದು ಸೂಜಿಮೊನೆಯಷ್ಟು ಸಣ್ಣದಾಗಿ ಅವಿತಿರುತ್ತದೆ. ಅದು ತಪ್ಪಿಹೋಗಿ ವರ್ಷದ ಮೇಲೆ ಮತ್ತೆ ನೋವು ಬರುವುದು ಹೊಸದೇನಲ್ಲ. ಕಾಲೇಜಿನಲ್ಲಿ ದವಡೆ ಹಲ್ಲಿನ ರೂಟ್ ಕೆನಾಲ್ ಅನ್ನು ಎಂಡೋ (ರೂಟ್ ಕೆನಾಲ್ ಮಾಡುವ) ವಿಭಾಗದ ಪಿಜಿಗಳ, ಅಂದರೆ ಬಿಡಿಎಸ್ ಮುಗಿಸಿ ಮುಂದೆ ಓದುತ್ತಿರುವವರ ಹತ್ತಿರ ಮಾಡಿಸಿ. ಮೂರರಿಂದ ಐದು ಸಲ ಹೋಗಬೇಕಾದೀತು, ರಜೆಯ ಲೆಕ್ಕ ಮೊದಲೇ ಹಾಕಿಕೊಳ್ಳಿ.

ನಡುವೆ ಹಾಕುವ ಬಿಳಿ ಸಿಮೆಂಟು ಕೆಲವು ವಾರಕ್ಕೆ ಮಾತ್ರ. ತಿಂಗಳುಗಟ್ಟಲೆ ಬಿಟ್ಟರೆ ಅದು ಸವೆದು, ಎಂಜಲು ಒಳಗಿಳಿದು, ತೊಳೆದ ಕಾಲುವೆ ಮತ್ತೆ ಕೊಳೆಯುತ್ತದೆ. ಮುಗಿದ ಮೇಲೂ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದೆ ಬಿಡಬೇಡಿ. ಹುಳುಕು ಮತ್ತು ಕೊರೆತದಿಂದ ಟೊಳ್ಳಾದ ಹಲ್ಲು ಒಂದು ದಿನ ಜೋಳದ ರೊಟ್ಟಿಗೋ ಕೋಡುಬಳೆಗೋ ಮೇಲಿಂದ ಕೆಳಗೆ ಸೀಳುತ್ತದೆ. ಬೇರಿನವರೆಗೆ ಸೀಳಿದರೆ ಕೀಳುವುದೊಂದೇ ದಾರಿ, ಖರ್ಚು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕ್ಯಾಪಿಗೆ ದುಡ್ಡು ಕಮ್ಮಿ ಇದ್ದರೆ ಹಿಂದಿನ ಹಲ್ಲಿಗೆ ಪೂರ್ತಿ ಲೋಹದ್ದನ್ನೇ ಕೇಳಿ. ನಕ್ಕಾಗ ಕಾಣುವುದಿಲ್ಲ, ಹಲ್ಲನ್ನು ಕಡಿಮೆ ತೇಯ್ದರೆ ಸಾಕು, ಪಿಂಗಾಣಿ ಹೊದಿಕೆಯಂತೆ ಚಕ್ಕೆ ಏಳುವುದೂ ಇಲ್ಲ. ಅಗ್ಗದ್ದು ಅಂತ ನಾಚಿಕೊಳ್ಳಬೇಕಾಗಿಲ್ಲ. ನಿಕ್ಕಲ್ ಅಲರ್ಜಿ ಇದ್ದವರು ಮಾತ್ರ ಮೊದಲೇ ಹೇಳಬೇಕು.

ಕೀಳಿಸುವುದೇ ಸರಿ ಅನ್ನಿಸುವ ಸಂದರ್ಭಗಳೂ ಇವೆ. ಹುಳುಕಾದ ಬುದ್ಧಿಹಲ್ಲಿಗೆ ರೂಟ್ ಕೆನಾಲ್ ಮಾಡಿಸುವುದು ಬಹುಪಾಲು ವ್ಯರ್ಥ, ತೆಗೆಸಿ. ಆದರೆ 36, 46 ಕಿತ್ತು ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಗೆ ಜಾರುತ್ತದೆ, ಆಮೇಲೆ ಕಟ್ಟಿಸುವುದು ಎರಡು ಪಟ್ಟು ಕೆಲಸ. ಕೀಳಿಸಿದ ಮೇಲೆ ಆ ಜಾಗದಲ್ಲಿಟ್ಟ ಬ್ಯಾಂಡೇಜ್ ಬಟ್ಟೆಯ ಉಂಡೆಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಐದೈದು ನಿಮಿಷಕ್ಕೆ ಉಗುಳಿ ನೋಡುವುದೇ ರಕ್ತ ನಿಲ್ಲದಿರಲು ಕಾರಣ. ಆ ದಿನ ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಬೇಡ, ಬಿಸಿ ಬೇಡ, ಬೀಡಿ-ಸಿಗರೇಟು-ಎಲೆಅಡಿಕೆ ಬೇಡವೇ ಬೇಡ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು. ಮೂರನೇ ದಿನ ಕಮ್ಮಿಯಾಗಬೇಕಾದ ನೋವು ಕಿವಿಯವರೆಗೆ ಏರಿ ಬಾಯಿ ನಾರಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಹೋಗಿ ಮೂಳೆ ಬರಿದಾಗಿದೆ ಎಂದರ್ಥ. ಮನೆಯಲ್ಲಿ ಮಾತ್ರೆ ನುಂಗುತ್ತಾ ಕೂರಬೇಡಿ. ಹೋದರೆ ತೊಳೆದು ಔಷಧಿ ತುಂಬುತ್ತಾರೆ, ಬೇಗ ಹಗುರಾಗುತ್ತದೆ.

ಖಾಸಗಿ ಕ್ಲಿನಿಕ್ಕಿಗೇ ಹೋಗಬೇಕಾಗಿ ಬಂದರೆ ಕೆಲಸ ಶುರುವಾಗುವ ಮುಂಚೆ ನಂಬರ್ ಸಮೇತ ಬರೆಸಿಕೊಳ್ಳಿ: ಎಕ್ಸ್‌ರೇಗೆ ದುಡ್ಡು ಬೇರೆಯೇ, ಹಲ್ಲಿನ ಬೇರಿನೊಳಗೆ ಆಸರೆಗೆ ಕೂರಿಸುವ ಕಡ್ಡಿಗೆ (ಪೋಸ್ಟ್) ಬೇರೆಯೇ, ಕ್ಯಾಪ್ ಯಾವ ಬಗೆಯದು, ಬಿದ್ದುಹೋದರೆ ಮತ್ತೆ ಅಂಟಿಸಲು ಎಷ್ಟು. 'ರೂಟ್ ಕೆನಾಲ್ ಇಷ್ಟು' ಎಂಬ ಜಾಹೀರಾತಿನಲ್ಲಿ ಕ್ಯಾಪ್ ಸೇರಿರುವುದು ಅಪರೂಪ. ವಿಮೆಯ ಮೇಲೆ ಆಸೆ ಬೇಡ. ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತ ಬಿಟ್ಟರೆ ಹಲ್ಲಿಗೆ ಕೊಡುವುದಿಲ್ಲ. ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಮಾತ್ರ ಆ ಕಾರ್ಡನ್ನು ಮರೆಯಬೇಡಿ. ಜ್ವರಕ್ಕೆ ಇಎಸ್‌ಐಗೆ ಹೋಗುವವರೇ ಅಲ್ಲಿ ಹಲ್ಲಿನ ವಿಭಾಗವೂ ಇದೆ ಎಂದು ತಿಳಿಯದೆ ಹೊರಗೆ ದುಡ್ಡು ಸುರಿಯುತ್ತಾರೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಒಂದು ಮಾತು. ಚಿಕ್ಕಂದಿನಿಂದ ಹಲ್ಲಿನ ಮೇಲಿರುವ ಕಂದು ಗೆರೆ, ಸುಣ್ಣದಂಥ ಮಚ್ಚೆ ಕೊಳೆಯಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು ಒಳಗೆ ಬೆಳೆಯುವಾಗಲೇ ಬರೆದ ಬರಹ. ಕ್ಲೀನಿಂಗ್‌ನಿಂದ ಹೋಗುವುದಿಲ್ಲ, ಎಷ್ಟು ಸಲ ಮಾಡಿಸಿದರೂ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ದುಡ್ಡನ್ನು ಶುದ್ಧ ನೀರಿನ ಘಟಕದ ಕ್ಯಾನಿಗೆ ಹಾಕಿ.

ಮಕ್ಕಳ ವಿಷಯದಲ್ಲಿ ಮತ್ತೆ ಅದೇ 36. ಆರು ವರ್ಷಕ್ಕೆ ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಹಲ್ಲು ಅದು. ಬಿದ್ದುಹೋಗುವ ಹಲ್ಲು ತಾನೇ ಎಂದು ತಾಯಿ-ತಂದೆ ಬಿಡುತ್ತಾರೆ, ಎಂಟಕ್ಕೆ ಹುಳುಕಾಗಿರುತ್ತದೆ. ಹಾಲುಹಲ್ಲಿನ ನಂಬರುಗಳು 51ರಿಂದ 85ರೊಳಗೆ ಇರುತ್ತವೆ. ಮಗುವಿನ ಚೀಟಿಯಲ್ಲಿ 16, 26, 36, 46 ಕಂಡರೆ ಅವು ಜೀವನಪೂರ್ತಿಯವು. ಅಂಗನವಾಡಿ, ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಹಲ್ಲನ್ನೂ ನೋಡುತ್ತದೆ. ಅವರು ಬರೆದುಕೊಟ್ಟ ಚೀಟಿಯನ್ನು ಬ್ಯಾಗಿನಲ್ಲೇ ಮಡಿಸಿಡಬೇಡಿ.

ಹಿರಿಯರಿಗೆ ಸರ್ಕಾರದ ದಂತ ಭಾಗ್ಯ ಯೋಜನೆ ಇದೆ: ಬಿಪಿಎಲ್ ಕಾರ್ಡಿನವರಿಗೆ ಉಚಿತ ಸೆಟ್ ಹಲ್ಲು. ಮೊದಲು 60 ದಾಟಿದವರಿಗಿತ್ತು, ಆಮೇಲೆ ವಯಸ್ಸನ್ನು 45ಕ್ಕೆ ಇಳಿಸಿದರು. ರೇಷನ್ ಕಾರ್ಡ್, ಆಧಾರ್ ಹಿಡಿದು ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಹಲ್ಲು ಕೀಳಿಸಿ ಎರಡು ಮೂರು ತಿಂಗಳು ಒಸಡು, ಮೂಳೆ ಕೂತ ಮೇಲೆ ಅಳತೆ ಕೊಟ್ಟರೆ ಸೆಟ್ ಬಿಗಿಯಾಗಿ ನಿಲ್ಲುತ್ತದೆ. ಐದು ಭೇಟಿ: ಎರಡು ಸಲ ಅಚ್ಚು, ಒಂದು ಸಲ ದವಡೆಗಳ ಅಂತರ, ಒಂದು ಸಲ ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವುದು, ಕೊನೆಗೆ ಕೊಡುವುದು. ನಾಲ್ಕನೆಯದು ಮುಖ್ಯ. ಮೇಣದಲ್ಲಿದ್ದಾಗ ಕನ್ನಡಿ ಕೇಳಿ, ಮಾತಾಡಿ ನೋಡಿ, ಹಲ್ಲು ಉದ್ದವಾಯಿತು ಅನ್ನಿಸಿದರೆ ಆಗಲೇ ಹೇಳಿ. ಮೇಣ ಹೋಗಿ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಆದ ಮೇಲೆ ಬದಲಿಸಲಾಗದು.

ಬಸ್‌ಸ್ಟ್ಯಾಂಡ್ ಪಕ್ಕ ಚಾಪೆ ಹಾಸಿ ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಅವರು ಅಕ್ರಿಲಿಕ್ ಹಿಟ್ಟನ್ನು ಬಾಯಲ್ಲೇ ಗಟ್ಟಿಯಾಗಿಸಿ, ಪಕ್ಕದ ಹಲ್ಲಿಗೆ ತಂತಿ ಬಿಗಿದು ಕೂರಿಸುತ್ತಾರೆ. ತೆಗೆಯಲು ಬರುವುದಿಲ್ಲ, ಅಡಿಯಲ್ಲಿ ಅನ್ನ ಕೊಳೆಯುತ್ತದೆ, ಒಂದು ಹಲ್ಲು ಕಟ್ಟಿಸಿಕೊಂಡವರು ಅಕ್ಕಪಕ್ಕದ ಎರಡನ್ನು ಕಳೆದುಕೊಳ್ಳುತ್ತಾರೆ.

ಹೊಸ ಸೆಟ್ ಮೊದಲ ವಾರ ಎಲ್ಲಾದರೂ ಒತ್ತಿ ಹುಣ್ಣು ಮಾಡೇ ಮಾಡುತ್ತದೆ. ಬ್ಲೇಡಿನಿಂದ ಕೆರೆಯಬೇಡಿ. ಸರಿ ಮಾಡಿಸಲು ಹೋಗುವ ಹಿಂದಿನ ದಿನ ನೋವಾದರೂ ಅದನ್ನು ಹಾಕಿಕೊಂಡಿರಿ, ಕೆಂಪು ಗುರುತು ಕಂಡರೆ ತಾನೇ ಡಾಕ್ಟರು ಆ ಜಾಗವನ್ನೇ ತೇಯಲು ಸಾಧ್ಯ. ತೊಳೆಯಲು ಪೇಸ್ಟ್ ಬೇಡ, ಗೀರು ಬೀಳುತ್ತದೆ. ಸ್ನಾನದ ಸೋಪು, ಮೆತ್ತನೆ ಬ್ರಷ್ ಸಾಕು. ಬಿಸಿನೀರಿಗೆ ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನ ಡಬ್ಬಿಯಲ್ಲಿಡಿ. ತೊಳೆಯುವಾಗ ಕೆಳಗೆ ಅರ್ಧ ಬಕೆಟ್ ನೀರಿರಲಿ, ಸೋಪಿನ ಕೈಯಿಂದ ಜಾರಿದರೆ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಗುವ ಬದಲು ನೀರಿಗೆ ಬೀಳುತ್ತದೆ.