ಧಕ್ಕೆ ಬೇಕು, ಹೊಳೆಯೂ ಬೇಕು

ಮಳೆಗಾಲಕ್ಕೆ ಮುಂಚೆ, ಅಘನಾಶಿನಿ ಹೊಳೆಯಲ್ಲಿ ಬಾರ್ಜ್ ಬಂದು ನಿಲ್ಲುವ ನಮ್ಮೂರ ಧಕ್ಕೆಯ ಪಕ್ಕ ನಾಲ್ಕು ಟಿಪ್ಪರ್ ಕೆಂಪು ಮಣ್ಣು ಬಿತ್ತು. ಹೊಳೆ ದಾಟಿಸುವ ಬಾರ್ಜಿಗೆ ಬೈಕು ಹತ್ತಿಸಲು ಜಾಗ ಸಾಲುವುದಿಲ್ಲ, ಇಳಿಜಾರು ಅಗಲ ಮಾಡುತ್ತೇವೆ ಎಂದರು ಕೆಲಸ ಮಾಡಿಸುವವರು. ಒಳ್ಳೆಯದೇ. ಇಳಿತದ ಹೊತ್ತಿಗೆ ಪಾಚಿಗಟ್ಟಿದ ಕಲ್ಲಿನ ಮೇಲೆ ಬೈಕು ಇಳಿಸುವ ಕಷ್ಟ ನನಗೂ ಗೊತ್ತು. ಆದರೆ ಆ ಮಣ್ಣು ಬಿದ್ದದ್ದು, ಹಿಂದೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿಗೆ ಉಬ್ಬರದ ನೀರು ಹೋಗುವ ಸಣ್ಣ ಕಾಲುವೆಯ ಬಾಯಿಗೇ. ಅಡಿಯಲ್ಲಿ ಒಂದು ಸಿಮೆಂಟ್ ಪೈಪ್ ಕೂಡ ಇಟ್ಟಿರಲಿಲ್ಲ.

ಮೊದಲು ಹೇಳಿದ್ದು ಚಿಪ್ಪಿ ಆರಿಸಲು ಹೋಗುವ ಪಕ್ಕದ ಮನೆ ಅಕ್ಕ. 'ತಮಾ, ಬಳಚೆಲ್ಲ ಬಾಯಿ ಬಿಟ್ಕಂಡು ಸತ್ತಿದೆ ನೋಡು.' ಹೋಗಿ ನೋಡಿದೆ. ನಿಜ. ಬಳಚು ಅಂದರೆ ಎರಡು ಚಿಪ್ಪಿನ, ನೀರು ಸೋಸಿಯೇ ಬದುಕುವ ಜೀವಿ, ಹೂಳು ಜಾಸ್ತಿಯಾದರೆ ಅದಕ್ಕೆ ಉಸಿರೇ ಕಟ್ಟುತ್ತದೆ. ಮೀನಿನ ಹಾಗೆ ಈಜಿ ದೂರ ಹೋಗಲೂ ಆಗುವುದಿಲ್ಲ ಅಲ್ವಾ?

ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ ಎಲ್ಲೂ ಅಣೆಕಟ್ಟಿಲ್ಲದೆ ತದಡಿಯ ಹತ್ತಿರ ಸಮುದ್ರ ಸೇರುವ ಹೊಳೆ ನಮ್ಮ ಅಘನಾಶಿನಿ. 2024ರಲ್ಲಿ ಇದರ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅದೇ ಅಳಿವೆಯಲ್ಲಿ ಈ ಕೆಲಸ.

ಕೆಲಸ ಮಾಡಿಸುವವರನ್ನು ಅನುಮತಿ ಪತ್ರ ತೋರಿಸಿ ಎಂದು ಕೇಳಿದೆ. 'ಸಣ್ಣ ಕೆಲಸ, ಅದಕ್ಕೆಲ್ಲ ಯಾಕೆ' ಎಂದರು. ಸಣ್ಣದಲ್ಲ. ಉಬ್ಬರದ ನೀರು ಬರುವ ಹೊಳೆಗಳ ದಡದಲ್ಲಿ ಕಟ್ಟುವ, ಮಣ್ಣು ತುಂಬುವ ಕೆಲಸಕ್ಕೆ ಮಿತಿ ಹಾಕುವ 2011ರ ಕರಾವಳಿ ನಿಯಂತ್ರಣ ವಲಯದ ನಿಯಮ 100 ಮೀಟರ್‌ವರೆಗೆ ಇತ್ತು, 2019ರಲ್ಲಿ ಅದನ್ನು 50 ಮೀಟರಿಗೆ ಇಳಿಸಿದರು, ಹೊಳೆ ಅದಕ್ಕಿಂತ ಕಿರಿದಾಗಿದ್ದರೆ ಅದರ ಅಗಲದಷ್ಟೇ. ಇದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಉಬ್ಬರ ಮತ್ತು ಇಳಿತದ ಗೆರೆಗಳ ನಡುವಿನ ಜಾಗಕ್ಕೆ ಈ ಮೀಟರ್ ಲೆಕ್ಕವೇ ಬೇಡ, ಅದು ಯಾವಾಗಲೂ ವಲಯದ ಒಳಗೇ. ಅಲ್ಲಿ ಧಕ್ಕೆ ಕಟ್ಟಬಹುದು, ಒಪ್ಪಿಗೆ ಪಡೆದು. ಸುಮ್ನೆ ಮಣ್ಣು ಸುರಿದು ನೀರಿನ ದಾರಿ ಮುಚ್ಚುವ ಹಾಗಿಲ್ಲ.

ಬಾರ್ಜಿನದೂ ಒಂದು ಮಾತು. ಎಂಜಿನ್ ಅಡಿಯಲ್ಲಿ ಸೇರುವ ಎಣ್ಣೆ ನೀರನ್ನು ಹೊಳೆಗೇ ಚೆಲ್ಲುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. 1917ರ ಹಳೆ ಕಾನೂನಿನ ಬದಲು 2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಮಾಲಿನ್ಯ ತಡೆಗೆ ಬೇರೆ ಅಧ್ಯಾಯವೇ ಇದೆ. ಆದರೆ ಆ ಎಣ್ಣೆ ನೀರು ಹಾಕಲು ನಮ್ಮ ಧಕ್ಕೆಯಲ್ಲಿ ಒಂದು ಡ್ರಮ್ ಕೂಡ ಇಲ್ಲ. ಬಾರ್ಜ್ ಹುಡುಗರನ್ನು ಬೈದು ಏನು ಮಾಡುವುದು, ಅವರು ಅದನ್ನು ಎಲ್ಲಿಗೆ ಹೊರಬೇಕು?

ನಾವು ಕೇಳಿದ್ದು ಇಷ್ಟೇ: ಇಳಿಜಾರನ್ನು ಕಂಬದ ಮೇಲೆ ಕಟ್ಟಿ, ಕೆಳಗೆ ನೀರು ಆಡಲಿ. ಅನುಮತಿ ಪತ್ರವನ್ನು ಟಿಕೆಟ್ ಕೊಡುವಲ್ಲಿ ಅಂಟಿಸಿ. ಒಂದು ಡ್ರಮ್ ಇಡಿ.

ಹದಿನೇಳು ಜನ ಸಹಿ ಹಾಕಿ ಅರ್ಜಿ ಕೊಟ್ಟ ಮೇಲೆ ಮೊನ್ನೆ ಜೆಸಿಬಿ ಬಂದು ಕಾಲುವೆಯ ಬಾಯಿಯಷ್ಟು ಬಿಡಿಸಿ ಹೋಗಿದೆ. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ನೀರು ಕಾಂಡ್ಲಾದವರೆಗೆ ಮುಟ್ಟುತ್ತದಾ ಎಂದು ನೋಡಲು ಅಕ್ಕನೂ ನಾನೂ ಹೋಗುತ್ತೇವೆ.